ಇಂಧನವಾಗಿ ಜಲಜನಕ ಮತ್ತು ನೈಸರ್ಗಿಕ ಅನಿಲ: ಮುಂಬಯಿಯ ದಾದರ್ ನೆಲೆಯಿಂದ ಪರಿಸರ ಪರಿಣಾಮಗಳ ಹೋಲಿಕೆ

ಜಲಜನಕ ಉರಿದಾಗ ಹುಟ್ಟುವುದು ನೀರಾವಿ. ನೈಸರ್ಗಿಕ ಅನಿಲ ಉರಿದರೆ ನೀರಾವಿಯ ಜೊತೆಗೆ ಇಂಗಾಲದ ಡೈಆಕ್ಸೈಡ್ ಕೂಡ ಬರುತ್ತದೆ. ಈ ಎರಡು ಇಂಧನಗಳ ಹೋಲಿಕೆ ಸಾಮಾನ್ಯವಾಗಿ ಇಲ್ಲಿಂದ ಶುರುವಾಗಿ ಇಲ್ಲಿಗೇ ಮುಗಿದುಬಿಡುತ್ತದೆ. ಆದರೆ ಇಂಧನವೊಂದರ ಒಳಿತು ಕೆಡುಕು ಒಲೆಯ ಬಾಯಲ್ಲಿ ಮಾತ್ರ ತೀರ್ಮಾನವಾಗುವಂಥದ್ದಲ್ಲ. ಅದನ್ನು ಯಾವುದರಿಂದ ತಯಾರಿಸಿದರು, ಎಲ್ಲಿಂದ ತಂದರು, ದಾರಿಯಲ್ಲಿ ಎಷ್ಟು ಸೋರಿತು ಎಂಬುದನ್ನೆಲ್ಲ ಕೂಡಿಸಿ ನೋಡಬೇಕು. ಅಂಥ ಲೆಕ್ಕಕ್ಕೆ ಮುಂಬಯಿಯ ದಾದರ್ ಹೇಳಿಮಾಡಿಸಿದ ಜಾಗ. ಇಲ್ಲಿನ ಅಡುಗೆಮನೆಗಳಿಗೂ ಟ್ಯಾಕ್ಸಿಗಳಿಗೂ ನೈಸರ್ಗಿಕ ಅನಿಲ ಬರುತ್ತಿದೆ. ಕೆಲವೇ ಕಿಲೋಮೀಟರ್ ಆಚೆ, ಚೆಂಬೂರು–ಟ್ರಾಂಬೆ ಬದಿಯಲ್ಲಿ, ಅದೇ ಅನಿಲದಿಂದ ಜಲಜನಕ ತಯಾರಾಗುತ್ತಿದೆ. ಒಂದೂವರೆ ಶತಮಾನದ ಹಿಂದೆ ಇದೇ ನಗರ ಅರ್ಧಪಾಲು ಜಲಜನಕವಿದ್ದ ಅನಿಲದಿಂದ ಬೀದಿದೀಪ ಹಚ್ಚಿದ್ದೂ ಉಂಟು.

ದಾದರಿಗೆ ಬರುವ ಅನಿಲ

1974ರಲ್ಲಿ ‘ಸಾಗರ್ ಸಮ್ರಾಟ್’ ಎಂಬ ರಿಗ್ ಮುಂಬಯಿಯ ಪಶ್ಚಿಮಕ್ಕೆ ಕಡಲ ತಳವನ್ನು ಕೊರೆದಾಗ ಬಾಂಬೆ ಹೈ ತೈಲಕ್ಷೇತ್ರ ಸಿಕ್ಕಿತು. 1976ರಿಂದ ಅಲ್ಲಿ ಉತ್ಪಾದನೆ ನಡೆದಿದೆ. ಎಣ್ಣೆಯ ಜೊತೆಗೆ ಅನಿಲವೂ ಉಕ್ಕುತ್ತಿತ್ತು. ಅದನ್ನು ದಡಕ್ಕೆ ತಂದು ಬಳಸುವ ವ್ಯವಸ್ಥೆ ಸಾಲದಿದ್ದ ಮೊದಲ ವರ್ಷಗಳಲ್ಲಿ ಗಣನೀಯ ಪಾಲನ್ನು ಕಡಲ ನಡುವೆಯೇ ಉರಿಸಿಬಿಡುತ್ತಿದ್ದರು. ಮುಂದೆ ಉರಣ್‌ನ ಅನಿಲ ಸಂಸ್ಕರಣಾ ಘಟಕ, ಅಲ್ಲಿಂದ ಟ್ರಾಂಬೆಗೆ ಕೊಳವೆ, 1995ರಲ್ಲಿ ಸರ್ಕಾರಿ ಅನಿಲ ಸಂಸ್ಥೆ ಗೇಲ್ ಮತ್ತು ಬ್ರಿಟಿಷ್ ಗ್ಯಾಸ್ ಸೇರಿ ಕಟ್ಟಿದ ಮಹಾನಗರ್ ಗ್ಯಾಸ್ ಸಂಸ್ಥೆ, ಹೀಗೆ ಅನಿಲ ಮನೆಮನೆಗೆ ಬಂತು. ದಾದರಿಗೆ ಅಂಟಿಕೊಂಡಂತಿರುವ ವಡಾಲಾದ ಸಿಟಿ ಗೇಟ್ ಸ್ಟೇಷನ್ ಈ ಜಾಲದ ಮುಖ್ಯ ಬಾಗಿಲುಗಳಲ್ಲಿ ಒಂದು. ಬಾಂಬೆ ಹೈ, ವಸಾಯಿ ಕ್ಷೇತ್ರಗಳ ಅನಿಲ ಸಾಲದಾದಾಗ ಹಡಗಿನಲ್ಲಿ ದ್ರವರೂಪದಲ್ಲಿ ಬಂದ ಆಮದು ಅನಿಲವೂ ಇದಕ್ಕೆ ಸೇರುತ್ತದೆ.

ದಾದರಿನ ಹಿಂದೂ ಕಾಲೊನಿಯ ಯಾವುದಾದರೂ ಹಳೆಯ ಕಟ್ಟಡದ ಹಿಂಬದಿಗೆ ಹೋದರೆ ಈ ಜಾಲದ ಕೊನೆಯ ತುದಿ ಕಣ್ಣಿಗೆ ಬೀಳುತ್ತದೆ. ಹಳದಿ ಬಣ್ಣ ಬಳಿದ ಜಿ.ಐ. ಪೈಪು ಮಳೆನೀರಿನ ಪೈಪಿನ ಪಕ್ಕದಲ್ಲೇ ಗೋಡೆ ಹತ್ತಿ, ಮಹಡಿಗೊಂದರಂತೆ ಕವಲೊಡೆದು, ಅಡುಗೆಮನೆಯ ಕಿಟಕಿಯ ಬಳಿ ಒಳಗೆ ನುಗ್ಗುತ್ತದೆ. ಒಳಗೊಂದು ಮೀಟರು, ಹಿತ್ತಾಳೆಯ ಕೀಲಿ, ಒಲೆಗೆ ರಬ್ಬರ್ ಟ್ಯೂಬು. ರಸ್ತೆಯ ಕೆಳಗೆ ಹೆಚ್ಚು ಒತ್ತಡದ ಭಾಗಗಳಲ್ಲಿ ಉಕ್ಕಿನ ಕೊಳವೆ, ಗಲ್ಲಿಗಳಲ್ಲಿ ಪಾಲಿಎಥಿಲೀನ್ ಕೊಳವೆ. ಯಾವ ಕೊಳವೆ ಯಾವುದರಿಂದ ಆಗಿದೆ ಎಂಬುದು ಜಲಜನಕದ ಮಾತು ಬಂದಾಗ ಮುಖ್ಯವಾಗುತ್ತದೆ.

ನೈಸರ್ಗಿಕ ಅನಿಲ ಮುಂಬಯಿಯ ಗಾಳಿಗೆ ಉಪಕಾರ ಮಾಡಿಲ್ಲವೆಂದು ಹೇಳುವಂತಿಲ್ಲ. ಅದು ಬದಿಗೆ ಸರಿಸಿದ್ದು ಸೀಮೆಎಣ್ಣೆಯನ್ನು, ಡೀಸೆಲನ್ನು, ಸೌದೆಯನ್ನು. ಹೊಗೆಯಿಂದ ಬಾಧಿತರಾದ ನಿವಾಸಿಗಳ ವೇದಿಕೆಯೊಂದು ಹೂಡಿದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯ ಮೇಲೆ ಬಾಂಬೆ ಹೈಕೋರ್ಟ್ ವಿ. ಎಂ. ಲಾಲ್ ಸಮಿತಿಯನ್ನು ನೇಮಿಸಿತು. ಅದರ ಶಿಫಾರಸುಗಳ ಬೆನ್ನಿಗೆ, 2000ದ ದಶಕದ ಆರಂಭದಲ್ಲಿ ನಗರದ ಹಳೆಯ ಕಪ್ಪು-ಹಳದಿ ಟ್ಯಾಕ್ಸಿಗಳು ಸಿಎನ್‌ಜಿಗೆ, ಅಂದರೆ ಒತ್ತಿ ತುಂಬಿದ ನೈಸರ್ಗಿಕ ಅನಿಲಕ್ಕೆ, ತಿರುಗಿದವು. 2025ರ ಜನವರಿಯಲ್ಲಿ ಇದೇ ನ್ಯಾಯಾಲಯ ಸೌದೆ, ಕಲ್ಲಿದ್ದಲು ಉರಿಸುವ ಬೇಕರಿಗಳು ಆರು ತಿಂಗಳೊಳಗೆ ಅನಿಲಕ್ಕೋ ಇತರ ಶುದ್ಧ ಇಂಧನಕ್ಕೋ ಬದಲಾಗಬೇಕೆಂದು ಆದೇಶಿಸಿತು. ಪಾವ್ ಸುಡುವ ಭಟ್ಟಿಯಲ್ಲಿ ಸೌದೆಯ ಬದಲು ನೈಸರ್ಗಿಕ ಅನಿಲದ ಮುಖ್ಯ ಘಟಕವಾದ ಮೀಥೇನ್ ಉರಿದರೆ ಸೂಕ್ಷ್ಮ ಕಣಗಳ ಹೊಗೆ ಬಹುತೇಕ ನಿಂತುಹೋಗುತ್ತದೆ. ಸುತ್ತಲಿನ ಮನೆಗಳಲ್ಲಿ ಇರುವವರಿಗೆ ಇದು ಆ ದಿನದಿಂದಲೇ ಸಿಗುವ ಲಾಭ. ಮುಂದೆಂದೋ ಜಲಜನಕ ಬರುತ್ತದೆಂಬ ಮಾತು ಇಂಥ ಬದಲಾವಣೆಯನ್ನು ತಡೆಯಬಾರದು.

ಲಾಲ್‌ಬಾಗಿನ ಗ್ಯಾಸ್ ಕಂಪನಿ

ಮುಂಬಯಿಗೆ ಜಲಜನಕ ಹೊಸದಲ್ಲ. 1865ರಲ್ಲಿ ಇಲ್ಲಿ ಮೊದಲ ಗ್ಯಾಸ್ ಬೀದಿದೀಪಗಳು ಹೊತ್ತಿದವು. ಬಾಂಬೆ ಗ್ಯಾಸ್ ಕಂಪನಿ ಪರೇಲ್–ಲಾಲ್‌ಬಾಗ್ ಭಾಗದ ತನ್ನ ಕಾರ್ಖಾನೆಯಲ್ಲಿ ಕಲ್ಲಿದ್ದಲನ್ನು ಮುಚ್ಚಿದ ಭಟ್ಟಿಯೊಳಗೆ, ಗಾಳಿ ತಾಗದಂತೆ ಕಾಯಿಸಿ ಅನಿಲ ತೆಗೆಯುತ್ತಿತ್ತು. ಲಾಲ್‌ಬಾಗಿನ ಗಲ್ಲಿಯೊಂದಕ್ಕೆ ಇವತ್ತಿಗೂ ಗ್ಯಾಸ್ ಕಂಪನಿ ಲೇನ್ ಎಂದೇ ಹೆಸರು. ದಾದರಿನಿಂದ ನಡೆದುಕೊಂಡೇ ಹೋಗಬಹುದಾದ ದೂರ.

ಕಲ್ಲಿದ್ದಲ ಅನಿಲದಲ್ಲಿ ಗಾತ್ರದ ಲೆಕ್ಕದಲ್ಲಿ ಸುಮಾರು ಅರ್ಧ ಜಲಜನಕ, ಮೂರನೇ ಒಂದರಷ್ಟು ಮೀಥೇನ್, ಉಳಿದದ್ದರಲ್ಲಿ ವಿಷಕಾರಿ ಇಂಗಾಲದ ಮಾನಾಕ್ಸೈಡ್ ಇರುತ್ತದೆ. ದೀಪದ ಬುಡದಲ್ಲಿ ಅದು ಸ್ವಚ್ಛವಾಗಿಯೇ ಉರಿಯುತ್ತಿತ್ತು. ಕೊಳೆಯೆಲ್ಲ ಉಳಿಯುತ್ತಿದ್ದುದು ಕಾರ್ಖಾನೆಯ ಅಂಗಳದಲ್ಲಿ. ಇಂಥ ಘಟಕಗಳು ಎಲ್ಲಿದ್ದರೂ ಟಾರು, ಅಮೋನಿಯ ಬೆರೆತ ನೀರು, ನ್ಯಾಫ್ತಲೀನ್, ಸಯನೈಡ್ ಹಿಡಿದಿಟ್ಟ ಕಬ್ಬಿಣದ ಆಕ್ಸೈಡ್ ರಾಶಿ, ಇವೆಲ್ಲ ನೆಲದಲ್ಲಿ ಇಂಗುತ್ತಿದ್ದವು. ಬೆಳಕು ನಗರದ ರಸ್ತೆಗಳಿಗೆ, ಹೊಗೆ ಗಿರಣಿ ಕಾರ್ಮಿಕರ ಕೇರಿಗೆ. ಇಂದಿನ ಜಲಜನಕದ ಚರ್ಚೆಯಲ್ಲೂ ಕೇಳಬೇಕಾದ ಪ್ರಶ್ನೆ ಇದೇ: ಸ್ವಚ್ಛತೆ ಯಾರ ಮನೆಗೆ, ಕೊಳೆ ಯಾರ ಅಂಗಳಕ್ಕೆ?

ಹಾಂಗ್‌ಕಾಂಗ್ ನಗರ ಈಗಲೂ ಅರ್ಧದಷ್ಟು ಜಲಜನಕವಿರುವ ಅನಿಲದಲ್ಲೇ ಅಡುಗೆ ಮಾಡುತ್ತದೆ. ಅಲ್ಲಿನ ಒಲೆಗಳು ಅದಕ್ಕೆಂದೇ ತಯಾರಾದವು. ಆದರೆ ಆ ಅನಿಲದ ಮೂಲ ನ್ಯಾಫ್ತಾ ಮತ್ತು ನೈಸರ್ಗಿಕ ಅನಿಲ.

ಉರಿಯುವಾಗ

ಒಂದು ಕೆ.ಜಿ. ಜಲಜನಕ ಸುಮಾರು 120 ಮೆಗಾಜೂಲ್ ಶಾಖ ಕೊಡುತ್ತದೆ, ಒಂದು ಕೆ.ಜಿ. ಮೀಥೇನ್ ಸುಮಾರು 50. ತೂಕದಲ್ಲಿ ಜಲಜನಕ ಗೆದ್ದಿತು. ಆದರೆ ಕೊಳವೆಯಲ್ಲಿ ಹರಿಯುವುದು ಗಾತ್ರ. ಒಂದು ಘನ ಮೀಟರ್ ಜಲಜನಕದಲ್ಲಿರುವ ಶಕ್ತಿ ಅಷ್ಟೇ ಗಾತ್ರದ ನೈಸರ್ಗಿಕ ಅನಿಲದ ಮೂರನೇ ಒಂದು ಭಾಗ ಮಾತ್ರ.

ಒಂದು ಮೆಗಾಜೂಲ್ ಶಾಖಕ್ಕೆ ಮೀಥೇನ್ ಸುಮಾರು 55 ಗ್ರಾಂ ಇಂಗಾಲದ ಡೈಆಕ್ಸೈಡನ್ನೂ 45 ಗ್ರಾಂ ನೀರಾವಿಯನ್ನೂ ಬಿಡುತ್ತದೆ. ಅಷ್ಟೇ ಶಾಖಕ್ಕೆ ಜಲಜನಕ 75 ಗ್ರಾಂ ನೀರಾವಿ ಬಿಡುತ್ತದೆ, ಡೈಆಕ್ಸೈಡ್ ಸೊನ್ನೆ. ನೆಲಮಟ್ಟದಲ್ಲಿ ಹುಟ್ಟಿದ ನೀರಾವಿ ಕೆಲವೇ ದಿನಗಳಲ್ಲಿ ಮಳೆಯೋ ಇಬ್ಬನಿಯೋ ಆಗಿ ಇಳಿಯುವುದರಿಂದ ಹವಾಮಾನಕ್ಕೆ ಅದು ಲೆಕ್ಕಕ್ಕಿಲ್ಲ. ಜುಲೈ ತಿಂಗಳಲ್ಲಿ ಕಿಟಕಿ ಮುಚ್ಚಿಕೊಂಡ ದಾದರಿನ ಸಣ್ಣ ಅಡುಗೆಮನೆಗೆ ಮಾತ್ರ ಆ ಹೆಚ್ಚಿನ ತೇವ ಬೇಡದ ಅತಿಥಿ.

ಮಸಿ, ಇಂಗಾಲದ ಮಾನಾಕ್ಸೈಡ್, ಬೆಂಜೀನ್ ಇವು ಜಲಜನಕದ ಜ್ವಾಲೆಯಲ್ಲಿ ಹುಟ್ಟಲು ಸಾಧ್ಯವೇ ಇಲ್ಲ, ಏಕೆಂದರೆ ಅದರಲ್ಲಿ ಇಂಗಾಲವೇ ಇಲ್ಲ. ಇದು ನಿಜವಾದ ಲಾಭ. ಸಾರಜನಕದ ಆಕ್ಸೈಡುಗಳ ವಿಷಯದಲ್ಲಿ ಸ್ಥಿತಿ ಬೇರೆ. ಈ ಆಕ್ಸೈಡುಗಳು ಇಂಧನದಿಂದ ಬರುವುದಿಲ್ಲ. ಜ್ವಾಲೆಯ ಬಿಸಿಗೆ ಗಾಳಿಯಲ್ಲಿರುವ ಸಾರಜನಕ, ಆಮ್ಲಜನಕಗಳೇ ಕೂಡಿ ಹುಟ್ಟುತ್ತವೆ. ಗಾಳಿಯಲ್ಲಿ ಮೀಥೇನ್ ಜ್ವಾಲೆ ಏರಬಹುದಾದ ಗರಿಷ್ಠ ತಾಪ ಸುಮಾರು 1,950 ಡಿಗ್ರಿ ಸೆಲ್ಸಿಯಸ್, ಜಲಜನಕದ್ದು ಸುಮಾರು 2,100. ಜ್ವಾಲೆ ಬಿಸಿಯಾದಷ್ಟೂ ಈ ಆಕ್ಸೈಡುಗಳು ಬೇಗ ಬೇಗ ಹೆಚ್ಚುತ್ತವೆ. ಬರ್ನರನ್ನು ಬೇರೆ ರೀತಿ ರೂಪಿಸಿ, ಗಾಳಿಯ ಪಾಲು ಹೆಚ್ಚಿಸಿ ಜ್ವಾಲೆಯನ್ನು ತಣ್ಣಗಿಟ್ಟರೆ ಇದನ್ನು ತಗ್ಗಿಸಬಹುದು. ಏನೂ ಬದಲಿಸದೆ ಜಲಜನಕ ಹರಿಸಿದರೆ ಹೆಚ್ಚಾಗುವ ಸಂಭವವೇ ಜಾಸ್ತಿ. ಇವುಗಳಲ್ಲಿ ಒಂದಾದ ನೈಟ್ರೋಜನ್ ಡೈಆಕ್ಸೈಡ್ ಆಸ್ತಮಾ ಇರುವ ಮಕ್ಕಳಿಗೆ ಕೇಡು. ಹೊರಗಿನ ಗಾಳಿಯಲ್ಲಿ ಅದು ಓಝೋನ್ ಮತ್ತು ಸೂಕ್ಷ್ಮ ಕಣಗಳ ಹುಟ್ಟಿಗೆ ಕಾರಣವಾಗುತ್ತದೆ. ಚಳಿಗಾಲದಲ್ಲಿ ಕಡಲಗಾಳಿ ಬಲಗುಂದಿದಾಗ ಮುಂಬಯಿ ಉಸಿರಾಡುವ ಮಬ್ಬಿನಲ್ಲಿ ಇದಕ್ಕೂ ಪಾಲಿದೆ. ಜಲಜನಕವನ್ನು ಉರಿಸದೆ ಇಂಧನಕೋಶದಲ್ಲಿ ಬಳಸಿ ವಿದ್ಯುತ್ ತೆಗೆದರೆ ಈ ತೊಂದರೆ ಬರುವುದಿಲ್ಲ.

ತಯಾರಿಸುವಾಗ

ನೈಸರ್ಗಿಕ ಅನಿಲ ನೆಲದಿಂದ ಸಿಗುವ ಇಂಧನ. ಜಲಜನಕವನ್ನಾದರೋ ಬಹುಮಟ್ಟಿಗೆ ಬೇರೆ ಶಕ್ತಿ ಖರ್ಚುಮಾಡಿ ತಯಾರಿಸಿಯೇ ಪಡೆಯಬೇಕು. ಹೋಲಿಕೆಯ ತಿರುಳು ಇರುವುದು ಇಲ್ಲಿ.

ಭಾರತ ವರ್ಷಕ್ಕೆ 50ರಿಂದ 60 ಲಕ್ಷ ಟನ್ ಜಲಜನಕ ಬಳಸುತ್ತದೆ. ಬಹುಪಾಲು ಹೋಗುವುದು ತೈಲ ಸಂಸ್ಕರಣಾಗಾರಗಳಿಗೆ ಮತ್ತು ರಸಗೊಬ್ಬರ ಕಾರ್ಖಾನೆಗಳಿಗೆ. ಚೆಂಬೂರು ಬದಿಯ ಮಾಹುಲ್‌ನ ಸಂಸ್ಕರಣಾಗಾರಗಳು ಡೀಸೆಲ್‌ನಿಂದ ಗಂಧಕ ತೆಗೆಯಲು ಜಲಜನಕ ಬಳಸುತ್ತವೆ. ಟ್ರಾಂಬೆಯ ರಾಷ್ಟ್ರೀಯ ಕೆಮಿಕಲ್ಸ್ ಅಂಡ್ ಫರ್ಟಿಲೈಸರ್ಸ್, ಅಂದರೆ ಆರ್‌ಸಿಎಫ್, ಅಮೋನಿಯ ಮಾಡಲು ಬಳಸುತ್ತದೆ. ವಿಧಾನ ಎಲ್ಲೆಡೆ ಹೆಚ್ಚುಕಡಿಮೆ ಒಂದೇ: ನೈಸರ್ಗಿಕ ಅನಿಲವನ್ನು 800 ಡಿಗ್ರಿಗೂ ಮೀರಿದ ತಾಪದಲ್ಲಿ, ನಿಕಲ್ ವೇಗವರ್ಧಕದ ಮೇಲೆ ಹಬೆಯೊಡನೆ ಕೂಡಿಸುವುದು. ಅನಿಲದ ಇಂಗಾಲ ಕೊನೆಗೆ ಡೈಆಕ್ಸೈಡ್ ಆಗಿ ಹೊರಬೀಳುತ್ತದೆ. ಒಂದು ಕೆ.ಜಿ. ಜಲಜನಕಕ್ಕೆ 9ರಿಂದ 10 ಕೆ.ಜಿ. ಡೈಆಕ್ಸೈಡ್. ಒಂದು ಮೆಗಾಜೂಲ್ ಲೆಕ್ಕಕ್ಕೆ ಇಳಿಸಿದರೆ 75ರಿಂದ 83 ಗ್ರಾಂ. ಅದೇ ಅನಿಲವನ್ನು ನೇರವಾಗಿ ಉರಿಸಿದ್ದರೆ 55 ಗ್ರಾಂ. ‘ಬೂದು’ ಎಂದು ಕರೆಯುವ ಈ ಜಲಜನಕವನ್ನು ಕೊಳವೆಯಲ್ಲಿ ದಾದರಿಗೆ ತಂದು ಅಡುಗೆ ಮಾಡಿದರೆ ಅಡುಗೆಮನೆಯಲ್ಲಿ ಡೈಆಕ್ಸೈಡ್ ಇರುವುದಿಲ್ಲ, ಚೆಂಬೂರಿನಲ್ಲಿ ಮೊದಲಿಗಿಂತ ಹೆಚ್ಚು ಇರುತ್ತದೆ. ಕಲ್ಲಿದ್ದಲಿನಿಂದ ತೆಗೆದರಂತೂ ಒಂದು ಕೆ.ಜಿ.ಗೆ 18 ಕೆ.ಜಿ. ದಾಟುತ್ತದೆ. ಹೊರಬರುವ ಡೈಆಕ್ಸೈಡನ್ನು ಹಿಡಿದು ನೆಲದಡಿ ಹೂಳುವ ‘ನೀಲಿ’ ವಿಧಾನವಿದೆ. ಹಿಡಿಯುವುದು ಪೂರ್ತಿಯಾಗಿ ಆಗುವುದಿಲ್ಲ, ಗಣಿಯಿಂದ ಕಾರ್ಖಾನೆಯವರೆಗೆ ಸೋರುವ ಮೀಥೇನ್ ಹಾಗೆಯೇ ಉಳಿಯುತ್ತದೆ.

ಇನ್ನೊಂದು ದಾರಿ ನೀರಿನ ವಿದ್ಯುದ್ವಿಭಜನೆ. ಒಂದು ಕೆ.ಜಿ. ಜಲಜನಕಕ್ಕೆ 50ರಿಂದ 55 ಯೂನಿಟ್ ವಿದ್ಯುತ್ ಬೇಕು, ರಾಸಾಯನಿಕ ಲೆಕ್ಕದಂತೆ 9 ಲೀಟರ್ ನೀರು, ಶುದ್ಧೀಕರಣದ ನಷ್ಟ ಸೇರಿದರೆ ಇನ್ನೂ ಹೆಚ್ಚು. ಎಲ್ಲವೂ ನಿಂತಿರುವುದು ವಿದ್ಯುತ್ತಿನ ಮೂಲದ ಮೇಲೆ. ದೇಶದ ವಿದ್ಯುತ್ ಜಾಲದಲ್ಲಿ ಯೂನಿಟ್ ಒಂದಕ್ಕೆ ಸರಾಸರಿ ಸುಮಾರು 0.7 ಕೆ.ಜಿ. ಡೈಆಕ್ಸೈಡ್ ಹೊರಬೀಳುತ್ತದೆ. ಆ ವಿದ್ಯುತ್ತಿನಲ್ಲಿ ತಯಾರಿಸಿದ ಒಂದು ಕೆ.ಜಿ. ಜಲಜನಕದ ಹಿಂದೆ 35 ಕೆ.ಜಿ.ಗೂ ಹೆಚ್ಚು ಡೈಆಕ್ಸೈಡ್ ಇರುತ್ತದೆ. ಮೆಗಾಜೂಲಿಗೆ ಲೆಕ್ಕ ಹಾಕಿದರೆ ನೈಸರ್ಗಿಕ ಅನಿಲದ ಐದು ಪಟ್ಟಿಗೂ ಮೇಲೆ. ಸೂರ್ಯ, ಗಾಳಿ, ಜಲವಿದ್ಯುತ್ತಿನಿಂದ ತಯಾರಾದರೆ ಮಾತ್ರ ಅದು ‘ಹಸಿರು’. ಕೇಂದ್ರ ಸರ್ಕಾರ 2023ರ ಆಗಸ್ಟಿನಲ್ಲಿ ಇದಕ್ಕೊಂದು ಅಳತೆ ಗೊತ್ತುಮಾಡಿತು: ಒಂದು ಕೆ.ಜಿ. ಹಸಿರು ಜಲಜನಕದ ತಯಾರಿಕೆಯಲ್ಲಿ 2 ಕೆ.ಜಿ.ಗಿಂತ ಹೆಚ್ಚು ಡೈಆಕ್ಸೈಡ್ ಸಮಾನ ಹೊರಸೂಸುವಿಕೆ ಇರಕೂಡದು. ಈ ಮಿತಿಯೊಳಗಿದ್ದರೆ ಮೆಗಾಜೂಲಿಗೆ 17 ಗ್ರಾಂ ಮೀರುವುದಿಲ್ಲ, ನೈಸರ್ಗಿಕ ಅನಿಲದ ಮೂರನೇ ಒಂದಕ್ಕಿಂತ ಕಡಿಮೆ.

ಹಸಿರು ಜಲಜನಕ ಕೂಡ ಭಾರತಕ್ಕೆ ಹಳೆಯ ಪರಿಚಯವೇ. 1960ರ ದಶಕದಲ್ಲಿ ಪಂಜಾಬಿನ ನಂಗಲ್ ಗೊಬ್ಬರ ಕಾರ್ಖಾನೆ ಭಾಕ್ರಾದ ಜಲವಿದ್ಯುತ್ತಿನಿಂದ ನೀರನ್ನು ಒಡೆದು ಅಮೋನಿಯ ಮಾಡುತ್ತಿತ್ತು. ವಿದ್ಯುತ್ತಿಗೆ ಬೇರೆ ಬೇಡಿಕೆಗಳು ಹೆಚ್ಚಿದಂತೆ ಆ ದಾರಿ ಬಿಟ್ಟುಹೋಯಿತು.

2023ರ ಜನವರಿಯಲ್ಲಿ 19,744 ಕೋಟಿ ರೂಪಾಯಿಯ ರಾಷ್ಟ್ರೀಯ ಹಸಿರು ಹೈಡ್ರೋಜನ್ ಮಿಷನ್‌ಗೆ ಒಪ್ಪಿಗೆ ಸಿಕ್ಕಿತು. 2030ರೊಳಗೆ ವರ್ಷಕ್ಕೆ 50 ಲಕ್ಷ ಟನ್ ಅದರ ಗುರಿ, ಅದಕ್ಕೆ ಬೇಕಾದ ಹೊಸ ನವೀಕರಿಸಬಹುದಾದ ವಿದ್ಯುತ್ ಸಾಮರ್ಥ್ಯ 1.25 ಲಕ್ಷ ಮೆಗಾವಾಟ್. ತುಮಕೂರು ಜಿಲ್ಲೆಯ ಪಾವಗಡದ ಸೌರ ಪಾರ್ಕ್ 2,050 ಮೆಗಾವಾಟಿನದು, ಹರಡಿರುವುದು ಸುಮಾರು 13,000 ಎಕರೆಯಲ್ಲಿ. ಅಂಥ ಅರವತ್ತು ಪಾವಗಡಗಳು ಬೇಕು. ರೈತರು ಗುತ್ತಿಗೆಗೆ ಕೊಟ್ಟ ಅಲ್ಲಿನ ಭೂಮಿಯನ್ನು ನೋಡಿದವರಿಗೆ ಈ ಸಂಖ್ಯೆಯ ಭಾರ ಗೊತ್ತಾಗುತ್ತದೆ. ಜಲಜನಕದ ಪರಿಸರ ಪರಿಣಾಮದಲ್ಲಿ ಈ ನೆಲ, ಒಣನಾಡಿನ ನೀರು ಎರಡೂ ಸೇರಬೇಕು.

ಜೈವಿಕ ತ್ಯಾಜ್ಯದಿಂದ ತೆಗೆಯುವ ದಾರಿಯೂ ಉಂಟು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಸ್. ದಾಸಪ್ಪ ಅವರ ತಂಡ ಒಂದು ಕೆ.ಜಿ. ಜೈವಿಕ ಪದಾರ್ಥದಿಂದ 100 ಗ್ರಾಂ ಜಲಜನಕ ಪಡೆಯುವ ವಿಧಾನವನ್ನು ರೂಪಿಸಿದೆ. ಪದಾರ್ಥದಲ್ಲಿ ಇರುವುದು 60 ಗ್ರಾಂ ಮಾತ್ರ. ಉಳಿದದ್ದು ಪ್ರಕ್ರಿಯೆಗೆ ಬಳಸುವ ಹಬೆಯಿಂದ ಬರುತ್ತದೆ.

ಸೋರಿದಾಗ

ನೈಸರ್ಗಿಕ ಅನಿಲದ ದೊಡ್ಡ ದೋಷ ಉರಿದಾಗಿನದಲ್ಲ, ಉರಿಯದೆ ತಪ್ಪಿಸಿಕೊಂಡಾಗಿನದು. ಮೀಥೇನ್ ವಾತಾವರಣದಲ್ಲಿ ಉಳಿಯುವುದು ಸುಮಾರು 12 ವರ್ಷ. ಅಷ್ಟರಲ್ಲೇ ಅದು ಹಿಡಿದಿಡುವ ಶಾಖ ಅಪಾರ. ತೂಕಕ್ಕೆ ತೂಕ, 100 ವರ್ಷಗಳ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡಿನ ಸುಮಾರು 30 ಪಟ್ಟು, 20 ವರ್ಷಗಳ ಲೆಕ್ಕದಲ್ಲಿ 80 ಪಟ್ಟಿಗೂ ಹೆಚ್ಚು. ಕೊಳವೆಗಳಿಂದ ಶೇಕಡಾ 3ರಷ್ಟು ಸೋರಿತೆಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳೋಣ. ಒಲೆಯಲ್ಲಿ ಮೆಗಾಜೂಲಿಗೆ ಹುಟ್ಟುವ 55 ಗ್ರಾಂ ಡೈಆಕ್ಸೈಡಿಗೆ 100 ವರ್ಷದ ಲೆಕ್ಕದಲ್ಲಿ ಸುಮಾರು 18 ಗ್ರಾಂ ಸಮಾನ ಸೇರುತ್ತದೆ, 20 ವರ್ಷದ ಲೆಕ್ಕದಲ್ಲಿ ಸುಮಾರು 50. ಎರಡನೆಯ ಲೆಕ್ಕದಲ್ಲಿ ಅನಿಲದ ಹೊರೆ ಹೆಚ್ಚುಕಡಿಮೆ ಇಮ್ಮಡಿಯಾಯಿತು.

ಜಲಜನಕ ಸ್ವತಃ ಶಾಖ ಹಿಡಿಯುವ ಅನಿಲವಲ್ಲ. ಆದರೂ ಅದು ಸೋರಿದರೆ ಪರಿಣಾಮ ಇದೆ. ಮೀಥೇನನ್ನು ಒಡೆದುಹಾಕುವ ಹೈಡ್ರಾಕ್ಸಿಲ್ ಎಂಬ ಕಣಗಳನ್ನು ಅದು ತಿಂದುಹಾಕುತ್ತದೆ, ಹಾಗಾಗಿ ಮೀಥೇನಿನ ಆಯುಸ್ಸು ಬೆಳೆಯುತ್ತದೆ. ಕೆಳಗಿನ ವಾಯುಪದರದಲ್ಲಿ ಓಝೋನನ್ನೂ ಮೇಲಿನ ಪದರದಲ್ಲಿ ನೀರಾವಿಯನ್ನೂ ಹೆಚ್ಚಿಸುತ್ತದೆ. ನಾರ್ವೆಯ ಸಂಶೋಧಕರ ನೇತೃತ್ವದಲ್ಲಿ 2023ರಲ್ಲಿ ಪ್ರಕಟವಾದ ಅಧ್ಯಯನ 100 ವರ್ಷಗಳ ಲೆಕ್ಕದಲ್ಲಿ ಇದರ ಬಿಸಿಯೇರಿಸುವ ಶಕ್ತಿಯನ್ನು ಡೈಆಕ್ಸೈಡಿನ 11.6 ಪಟ್ಟು ಎಂದು ಅಂದಾಜಿಸಿದೆ. ಅದೇ ಶೇಕಡಾ 3ರ ಸೋರಿಕೆಗೆ ಮೆಗಾಜೂಲಿಗೆ ಸುಮಾರು 3 ಗ್ರಾಂ ಸಮಾನ, ಮೀಥೇನ್ ಸೋರಿಕೆಯ ಆರನೇ ಒಂದು ಭಾಗ. ವಾತಾವರಣಕ್ಕೆ ಸೇರಿದ ಜಲಜನಕದ ಬಹುಪಾಲನ್ನು ಮಣ್ಣಿನ ಸೂಕ್ಷ್ಮಜೀವಿಗಳು ಹೀರಿಕೊಳ್ಳುವುದೂ ನಮ್ಮ ಪುಣ್ಯ.

ಆದರೆ ಜಲಜನಕದ ಅಣು ಪುಟ್ಟದು, ಸಂದುಗೊಂದುಗಳಲ್ಲಿ ಮೀಥೇನಿಗಿಂತ ಸುಲಭವಾಗಿ ನುಸುಳುತ್ತದೆ. ಕೆಲವು ಬಗೆಯ ಉಕ್ಕಿನೊಳಗೆ ಹೊಕ್ಕು ಅದನ್ನು ಪೆಡಸಾಗಿಸಿ ಬಿರುಕು ಬಿಡಿಸುತ್ತದೆ. ಪಾಲಿಎಥಿಲೀನಿಗೆ ಈ ಭಯವಿಲ್ಲ. ಗಾಳಿಯಲ್ಲಿ ಮೀಥೇನ್ ಶೇಕಡಾ 5ರಿಂದ 15ರಷ್ಟು ಇದ್ದಾಗ ಮಾತ್ರ ಹೊತ್ತಿಕೊಂಡರೆ ಜಲಜನಕ ಶೇಕಡಾ 4ರಿಂದ 75ರವರೆಗೆ ಹೊತ್ತಿಕೊಳ್ಳಬಲ್ಲದು. ಕಿಡಿಗೆ ಬೇಕಾದ ಶಕ್ತಿಯೂ ಮೀಥೇನಿಗೆ ಬೇಕಾದುದರ ಹತ್ತನೇ ಒಂದು ಭಾಗಕ್ಕಿಂತ ಕಡಿಮೆ. ವರ್ಷವಿಡೀ ಯಾರಾದರೊಬ್ಬರು ರಸ್ತೆ ಅಗೆಯುತ್ತಲೇ ಇರುವ ಮುಂಬಯಿಯಲ್ಲಿ ಇದು ಸಣ್ಣ ಮಾತಲ್ಲ. 2025ರ ನವೆಂಬರಿನಲ್ಲಿ ಆರ್‌ಸಿಎಫ್ ಆವರಣದೊಳಗೆ ಗೇಲ್‌ನ ಮುಖ್ಯ ಕೊಳವೆಗೆ ಪೆಟ್ಟುಬಿದ್ದು ವಡಾಲಾ ಸ್ಟೇಷನ್ನಿಗೆ ಅನಿಲದ ಹರಿವು ಕುಂದಿ, ನಗರದ ಸಿಎನ್‌ಜಿ ಪಂಪುಗಳ ಮುಂದೆ ಆಟೊ, ಟ್ಯಾಕ್ಸಿಗಳು ಸಾಲುಗಟ್ಟಿ ನಿಂತವು.

ಬೆರೆಸುವ ಪ್ರಯೋಗಗಳು

ಇರುವ ಕೊಳವೆಗಳಲ್ಲೇ ಸ್ವಲ್ಪ ಜಲಜನಕ ಬೆರೆಸುವ ಯೋಚನೆ ಹಲವೆಡೆ ನಡೆದಿದೆ. ಇಂದೋರಿನಲ್ಲಿ ಗೇಲ್ 2022ರ ಜನವರಿಯಲ್ಲಿ ಇದನ್ನು ಆರಂಭಿಸಿತು. ಸೂರತ್ ಬಳಿಯ ಕವಾಸ್‌ನ ತನ್ನ ವಸತಿ ಬಡಾವಣೆಯಲ್ಲಿ ಎನ್‌ಟಿಪಿಸಿ 2023ರ ಜನವರಿಯಿಂದ ಅಡುಗೆ ಅನಿಲಕ್ಕೆ ಹಸಿರು ಜಲಜನಕ ಬೆರೆಸಿತು. ಇಂಗ್ಲೆಂಡಿನ ಕೀಲ್ ವಿಶ್ವವಿದ್ಯಾಲಯದ ಆವರಣದಲ್ಲಿ ಶೇಕಡಾ 20ರವರೆಗೆ ಬೆರೆಸಿ ನೋಡಿದ್ದಾರೆ, ಒಲೆಗಳನ್ನು ಬದಲಿಸಬೇಕಾಗಲಿಲ್ಲ. ಆದರೆ ಗಾತ್ರದಲ್ಲಿ ಶೇಕಡಾ 20 ಎಂದರೆ ಶಕ್ತಿಯಲ್ಲಿ ಸುಮಾರು ಶೇಕಡಾ 7 ಮಾತ್ರ. ಜಲಜನಕ ಪೂರ್ತಿ ಹಸಿರಾಗಿದ್ದರೂ ಡೈಆಕ್ಸೈಡಿನ ಉಳಿತಾಯ ಅಷ್ಟೇ. ದೆಹಲಿಯಲ್ಲಿ 2020ರಲ್ಲಿ 50 ಬಸ್ಸುಗಳು ಶೇಕಡಾ 18ರಷ್ಟು ಜಲಜನಕವಿದ್ದ ಸಿಎನ್‌ಜಿಯಲ್ಲಿ ಓಡಿದವು. ಆ ಜಲಜನಕ ಸಿಎನ್‌ಜಿಯಿಂದಲೇ ಬಂದದ್ದು.

ದಾದರಿನ ಅಡುಗೆಮನೆಯ ಮಟ್ಟಿಗೆ ಇನ್ನೊಂದು ಲೆಕ್ಕ ಹಾಕಲೇಬೇಕು. 53 ಯೂನಿಟ್ ಸೌರ ವಿದ್ಯುತ್ತಿನಿಂದ ಒಂದು ಕೆ.ಜಿ. ಜಲಜನಕ ಮಾಡಿ ಒಲೆಯಲ್ಲಿ ಉರಿಸಿದರೆ, ಒಲೆಯ ದಕ್ಷತೆ ಶೇಕಡಾ 50 ಎಂದುಕೊಂಡರೂ, ಪಾತ್ರೆಗೆ ತಲುಪುವುದು 17 ಯೂನಿಟ್ ಶಾಖ. ಅದೇ ವಿದ್ಯುತ್ತನ್ನು ನೇರವಾಗಿ ಇಂಡಕ್ಷನ್ ಒಲೆಗೆ ಕೊಟ್ಟರೆ 45 ಯೂನಿಟ್. ಈ ಅಂತರವನ್ನು ನೋಡಿದಮೇಲೂ ಮನೆಯ ಅಡುಗೆಗೆ ಜಲಜನಕ ಬೇಕೆನ್ನುವುದು ಕಷ್ಟ. ನಗರದ ಬಸ್ಸು, ಟ್ಯಾಕ್ಸಿಗಳಿಗೂ ಬ್ಯಾಟರಿ ಇದೇ ಕಾರಣಕ್ಕೆ ಮೇಲು.

ಎಲ್ಲಿ ಬೇಕು

ಜಲಜನಕದ ಬದಲು ಬೇರೇನನ್ನೂ ಬಳಸಲಾಗದ ಕೆಲಸಗಳಿವೆ. ಅಮೋನಿಯ ಅದರಲ್ಲಿ ಮೊದಲನೆಯದು. ಒಂದು ಟನ್ ಅಮೋನಿಯಕ್ಕೆ ಸುಮಾರು 176 ಕೆ.ಜಿ. ಜಲಜನಕ ಬೇಕೇ ಬೇಕು. ಟ್ರಾಂಬೆಯಲ್ಲಿ ಅದು ಇಂದು ನೈಸರ್ಗಿಕ ಅನಿಲದಿಂದ ಬರುತ್ತಿದೆ. ಇಲ್ಲಿ ಬೂದು ಜಲಜನಕದ ಜಾಗಕ್ಕೆ ಹಸಿರು ಜಲಜನಕ ಬಂದರೆ ಪ್ರತಿ ಕೆ.ಜಿ.ಗೆ 7ರಿಂದ 8 ಕೆ.ಜಿ. ಡೈಆಕ್ಸೈಡ್ ತಪ್ಪುತ್ತದೆ. ಅಡುಗೆ ಅನಿಲದ ಬದಲಾಗಿ ಉರಿಸಿದರೆ ತಪ್ಪುವುದು 5 ಕೆ.ಜಿ.ಯ ಆಸುಪಾಸು. ಕಾರ್ಖಾನೆಗಳ ಗಾಳಿಯನ್ನೇ ಉಸಿರಾಡುವ ಮಾಹುಲ್‌ನ ಸ್ಥಿತಿಯನ್ನು ಬಾಂಬೆ ಹೈಕೋರ್ಟ್ 2019ರಲ್ಲಿ ಗಂಭೀರವಾಗಿ ಪರಿಗಣಿಸಿ, ತೆರವಿನಲ್ಲಿ ಮನೆ ಕಳೆದುಕೊಂಡವರನ್ನು ಅಲ್ಲಿಗೆ ಬಲವಂತವಾಗಿ ಕಳಿಸಕೂಡದೆಂದಿತ್ತು. ಅಲ್ಲಿನ ವಿಷಗಾಳಿ ಬಹುಪಾಲು ಬೇರೆ ಮೂಲಗಳದ್ದು, ಹಸಿರು ಜಲಜನಕ ಅದನ್ನು ನಿವಾರಿಸಲಾರದು. ಆದರೆ ಅನಿಲ ಸುಡುವ ಕುಲುಮೆಗಳ ಸಾರಜನಕದ ಆಕ್ಸೈಡಿನ ಪಾಲಾದರೂ ಕಡಿಮೆಯಾದೀತು.

ಒಂದು ತೊಡಕಿದೆ. ಯೂರಿಯಾ ಮಾಡಲು ಅಮೋನಿಯದ ಜೊತೆಗೆ ಇಂಗಾಲದ ಡೈಆಕ್ಸೈಡೂ ಬೇಕು. ಈಗ ಅದು ಅನಿಲದಿಂದ ಜಲಜನಕ ತೆಗೆಯುವಾಗ ಪುಕ್ಕಟೆಯಾಗಿ ಸಿಗುತ್ತಿದೆ, ಗೊಬ್ಬರ ಹೊಲಕ್ಕೆ ಬಿದ್ದಮೇಲೆ ಗಾಳಿಗೆ ಸೇರುತ್ತಿದೆ. ಹಸಿರು ದಾರಿ ಹಿಡಿದರೆ ಆ ಡೈಆಕ್ಸೈಡನ್ನು ಬೇರೆಡೆಯಿಂದ ತರಬೇಕು. ಆರ್‌ಸಿಎಫ್‌ನ ‘ಸುಫಲಾ’ದಂಥ ಸಂಯುಕ್ತ ಗೊಬ್ಬರಕ್ಕೆ ಬೇಕಾದ ನೈಟ್ರಿಕ್ ಆಮ್ಲವನ್ನು ಅಮೋನಿಯದಿಂದ ಮಾಡುವಾಗ ಈ ತೊಡಕಿಲ್ಲ. ಬದಲಾವಣೆ ಅಲ್ಲಿಂದ ಆರಂಭವಾಗುವುದು ಹೆಚ್ಚು ಸರಿ. ದೇಶದಲ್ಲಿ ಅದು ಆರಂಭವಾಗುತ್ತಲೂ ಇದೆ: 2025ರಲ್ಲಿ ನಡೆದ ಮೊದಲ ಹಸಿರು ಅಮೋನಿಯ ಹರಾಜಿನಲ್ಲಿ ಒಡಿಶಾದ ಪಾರಾದೀಪದ ಗೊಬ್ಬರ ಕಾರ್ಖಾನೆಗೆ ವರ್ಷಕ್ಕೆ 75,000 ಟನ್ ಪೂರೈಸಲು ಕೆ.ಜಿ.ಗೆ 55.75 ರೂಪಾಯಿ ದರ ನಿಗದಿಯಾಯಿತು.